ಕೆಮ್ಮಿಲ್ಲದ ಕ್ಷಯ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊಸ ಮನೆಯ ಮೆಟ್ಟಿಲು ಹತ್ತಿ ಇಳಿದು ಮಂಡಿನೋವು ಬಂದಿದೆ ಎಂದಿದ್ದೆ, ಈಗ ವಾಸಿಯೇ? ಭಾವ ಈಗಲೂ ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರಾ? ಕಡ್ಡಿ ಮುರಿದರೆ ಕಳಿಸಲಿ, ಅಂಗಡಿಯಲ್ಲಿ ದಿನವೆಲ್ಲ ನಾನು ಮಾಡುವ ಕೆಲಸವೇ ಅದು.

ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಎಲ್ಲರ ಕಿವಿಯೂ ನನ್ನ ಮಾತಿನ ಮೇಲೆಯೇ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆಯಾದರೆ ಮೈ ಬೆಚ್ಚಗಾಗುವುದು, ಕಿಬ್ಬೊಟ್ಟೆ ಹಿಂಡಿದಂತಾಗುವುದು, ಮುಟ್ಟು ಬಂದರೂ ಬರಲಿಲ್ಲವೆನ್ನುವಷ್ಟು ಕಡಿಮೆ. ಅಂಗಡಿಯಲ್ಲಿ ಬಗ್ಗಿ ಕೂತು ಕೂತು ಹೀಗಾಗಿದೆ ಎಂದು ತಳ್ಳಿಹಾಕಿದ್ದೆ. ಮಗುವಾಗಲಿಲ್ಲವೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಕ್ಕಾ, ನನಗೆ ಟಿಬಿಯಂತೆ. ಗರ್ಭಕೋಶದ ಟಿಬಿ. "ನನಗೆ ಕೆಮ್ಮೇ ಇಲ್ವಲ್ಲ ಡಾಕ್ಟ್ರೇ" ಎಂದೆ. "ಈ ಟಿಬಿ ಕೆಮ್ಮಿಸಲ್ಲಮ್ಮ, ಸದ್ದಿಲ್ಲದೆ ಕೂತಿರುತ್ತೆ" ಎಂದರು.

ಮಾರನೆಯ ದಿನವೇ ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಇವರು ಬಂದವರೇ ನನ್ನ ತಟ್ಟೆಗೆ ಕೈಹಾಕಿ ಉಣ್ಣತೊಡಗಿದರು. "ಅಮ್ಮ, ಇದು ತಟ್ಟೇಲಿ ಅಂಟೋ ಕಾಯಿಲೆ ಅಲ್ಲ." ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಮಾತ್ರೆ ನುಂಗಲು ನೀರು ತಂದುಕೊಟ್ಟರು, ಮುಖ ಮಾತ್ರ ಆ ಕಡೆ.

ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪುವಂತಿಲ್ಲ. ಮೊದಲ ಸಲ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಆಸ್ಪತ್ರೆಗೆ ಓಡಿದೆ. ಅದು ಮಾತ್ರೆಯ ಬಣ್ಣವಂತೆ. ರೋಗ ವಾಸಿಯಾಗುತ್ತದೆಂದು ಡಾಕ್ಟರಮ್ಮ ಧೈರ್ಯ ಹೇಳಿದ್ದಾರೆ. ಆದರೆ ಒಂದು ಗರ್ಭನಾಳ ಮುಚ್ಚಿಹೋಗಿದೆ, ಇನ್ನೊಂದರ ಮೇಲೂ ಅನುಮಾನ. ಮಗುವಾಗುತ್ತದೆಯೇ ಎಂದರೆ "ಈಗ್ಲೇ ಹೇಳಕ್ಕಾಗಲ್ಲ" ಎಂದರು. ಆ ಮಾತು ಹೋದಲ್ಲೆಲ್ಲ ಬೆನ್ನಿಗಿದೆ. ನಿನ್ನೆ ಲೆನ್ಸು ಉಜ್ಜುತ್ತಾ ಒಂದರ ಅಂಚು ಒಡೆದುಬಿಟ್ಟೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಪುಟ್ಟಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಹಿಂದೆ ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಡಾಕ್ಟರಮ್ಮ ಕೇಳಿದಾಗ ನಮ್ಮ ಅಜ್ಜಿ ನೆನಪಾದಳು. ಕೆಮ್ಮಿ ಕೆಮ್ಮಿ ಸೊರಗಿದ್ದ ಅವಳ ಹಾಸಿಗೆಯಲ್ಲಿ ನಾನೊಂದು ಮಗ್ಗುಲಿಗೆ, ನೀನೊಂದು ಮಗ್ಗುಲಿಗೆ ಮಲಗುತ್ತಿದ್ದೆವು. ನಿನಗೂ ಮುಟ್ಟು ಸರಿಯಿಲ್ಲ, ನಿನ್ನ ಮಡಿಲೂ ತುಂಬಿಲ್ಲ. ಮುಂದಿನ ತಿಂಗಳು ಪ್ರನಾಳ ಶಿಶುವಿನ ಚಿಕಿತ್ಸೆ ಶುರುಮಾಡುವ ಮೊದಲು ಈ ಪರೀಕ್ಷೆ ಮಾಡಿಸು. ಒಳಗೆ ಈ ರೋಗವಿದ್ದರೆ ಆ ಬಸಿರು ನಿಲ್ಲುವುದು ಕಷ್ಟವಂತೆ. ನಾಚಿಕೊಳ್ಳಬೇಡ, ನನ್ನ ಕಥೆಯನ್ನೇ ನಿನ್ನ ಡಾಕ್ಟರಿಗೆ ಹೇಳು. ಒಬ್ಬಳೇ ಹೋಗಲು ಭಯವಾದರೆ ಒಂದು ಮಾತು ತಿಳಿಸು, ರಜೆ ಹಾಕಿ ಬಂದು ಪಕ್ಕದಲ್ಲಿ ಕೂರುತ್ತೇನೆ.