ಚಿತ್ರದ ಹಿಂಬದಿಯ ಲೆಕ್ಕ

ಪ್ರೀತಿಯ ಚಿಕ್ಕಪ್ಪ,

ನೀವು ಹೋದ ಮೇಲೆ ಎರಡು ಕೊಯ್ಲು ಮುಗಿದವು. ನಾನು ಇನ್ನೂ ಅದೇ ಪತ್ರಿಕೆಯ ಮೂಡಿಗೆರೆ ವರದಿಗಾರ. ನಿಮಗೆ ಮುಟ್ಟಿಸಬೇಕಾದ ಸುದ್ದಿ ಒಂದಿದೆ. ಅದಕ್ಕೆ ಮೊದಲು ನಿಮಗೆ ಗೊತ್ತಿರುವುದನ್ನೇ ಒಮ್ಮೆ ಬರೆಯುತ್ತೇನೆ.

ಕಳಸದ ಹೈಸ್ಕೂಲಿಗೆ ಉಪನ್ಯಾಸಕ್ಕೆ ಬಂದ ನೀವು ಮೇಜಿನ ಮೇಲೆ ಒಣಗಿದ ಕಾಫಿಬೀಜ ಸುರಿದು ರಾಶಿ ಮಾಡಿದ ದಿನ ನಾನು ವರದಿಗೆಂದು ಬಂದು ಹಿಂದಿನ ಬೆಂಚಿನಲ್ಲಿದ್ದೆ. ಒಂದೊಂದೇ ಕಾಳು ಹಾಕುತ್ತ ಹೋದಿರಿ. ರಾಶಿ ಬಹಳ ಹೊತ್ತು ನಿಂತಿತ್ತು, ಆಮೇಲೆ ಒಂದು ಬದಿ ಜಾರಿಬಿಟ್ಟಿತು. "ಯಾವ ಕಾಳಿಗೆ ಜಾರುತ್ತೆ ಅಂತ ಮೊದಲೇ ಹೇಳೋಕಾಗುತ್ತಾ? ಮೂವತ್ತು ವರ್ಷದಿಂದ ಇದೇ ನನ್ನ ಕೆಲಸ," ಅಂದಿರಿ. ಹುಡುಗಿಯೊಬ್ಬಳು ಎದ್ದು ನಿಂತು, "ಇದಕ್ಕೆ ಸಂಬಳ ಕೊಡ್ತಾರಾ ಸರ್?" ಎಂದಳು. ಎಲ್ಲರಿಗಿಂತ ಹೆಚ್ಚು ನಕ್ಕವರು ನೀವೇ.

ನಿವೃತ್ತರಾಗಿ ತೋಟಕ್ಕೆ ಬಂದ ಮೇಲೆ ದಿನಾ ಕಣದ ಬದಿಗೆ ಕುರ್ಚಿ ಹಾಕಿಕೊಂಡು, ಹರವಿದ ಕಾಫಿಯನ್ನು ಸಂಜೆ ಕೂಡಿಹಾಕುವ ರಾಶಿಗಳ ಚಿತ್ರ ಬರೆಯುತ್ತಿದ್ದಿರಿ. ಮೇಸ್ತ್ರಿ ರಾಮಯ್ಯ ಸುಮ್ಮನಿರುವವನಲ್ಲ. "ಏನ್ ಸಣ್ಣಗೌಡ್ರೆ, ದೊಡ್ಡ ಲೆಕ್ಕ ಎಲ್ಲಾ ಬಿಟ್ಟು ರಾಶಿಗೆ ಬಣ್ಣ ಹೊಡೀತಾ ಕೂತ್ರಲ್ಲ?"

"ಇದೂ ಅದೇ ಲೆಕ್ಕ ಮಾರಾಯ."

ತಮಾಷೆ ಅಂದುಕೊಂಡೆ. ಕಣ್ಣಾರೆ ಕಂಡದ್ದನ್ನು ಬರೆಯಬೇಕೆಂದು ಕಲಿತವನು ನಾನು. ಕಂಡದ್ದನ್ನೇ ಬರೆದೆ, ಶೀರ್ಷಿಕೆಯನ್ನೂ ನಾನೇ ಕೊಟ್ಟೆ: 'ಭೌತವಿಜ್ಞಾನ ಬಿಟ್ಟು ಕುಂಚ ಹಿಡಿದ ವಿಜ್ಞಾನಿ'.

ಪತ್ರಿಕೆ ಬಂದ ಬೆಳಿಗ್ಗೆ ನೀವು ಜಗಲಿಯಲ್ಲಿ ಅದನ್ನು ಎರಡು ಸಲ ಓದಿದಿರಿ. "ಊರು, ಇಸವಿ ಎಲ್ಲ ಸರಿ ಇದೆ. 'ಬಿಟ್ಟು' ಅಂತ ಯಾಕೆ ಬರೆದೆ?"

"ನೀವು ದಿನಾ ಚಿತ್ರ ಬರೀತಿದ್ರಲ್ಲ ಚಿಕ್ಕಪ್ಪ."

"ಕೇಳಬಹುದಿತ್ತು."

ಅಷ್ಟೇ ಅಂದದ್ದು. ಬೈದಿದ್ದರೆ ಅವತ್ತೇ ತಿದ್ದುಪಡಿ ಹಾಕಿಸುತ್ತಿದ್ದೆನೋ ಏನೋ... ಆಮೇಲೆ ಶಾಲೆಗಳವರು ನಿಮ್ಮನ್ನು ಉಪನ್ಯಾಸಕ್ಕೆ ಕರೆಯಲಿಲ್ಲ, ಚಿತ್ರಸ್ಪರ್ಧೆಯ ತೀರ್ಪಿಗೆ ಕರೆದರು. ವಸ್ತಾರೆಗೆ ಬಸ್ಸು ಹತ್ತಿ ಅದಕ್ಕೂ ಹೋಗಿಬಂದಿರಿ. ತಿದ್ದುಪಡಿಗೆ ನಾನು ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಇದ್ದೆ. ಅಷ್ಟರಲ್ಲಿ ನೀವು...

ಮೊನ್ನೆ ಚಿಕ್ಕಮ್ಮ ನಿಮ್ಮ ಚಿತ್ರಗಳನ್ನು ಫ್ರೇಮ್ ಹಾಕಿಸಲು ಚಿಕ್ಕಮಗಳೂರಿಗೆ ಕೊಂಡೊಯ್ದರು. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯವನು ಹಾಳೆ ತಿರುಗಿಸಿ, "ಹಿಂದೆ ಏನೋ ಗೀಚಿದ್ದಾರೆ, ಇದರ ಮೇಲೇ ರಟ್ಟು ಅಂಟಿಸಲಾ?" ಅಂದ. ಗೀಚಿದ್ದಲ್ಲ, ಸಮೀಕರಣಗಳು. ಪ್ರತಿ ಚಿತ್ರದ ಹಿಂದೆಯೂ. ನನಗೆ ಅವು ಅರ್ಥವಾಗಲಿಲ್ಲ. ಎಲ್ಲದರ ಜೆರಾಕ್ಸ್ ಮಾಡಿಸಿ ನಿಮ್ಮ ಹಳೆಯ ವಿದ್ಯಾರ್ಥಿನಿ ವಸುಧಾ ಅವರಿಗೆ ಕಳಿಸಿದೆ.

ಅವರ ಫೋನ್ ಬಂತು. ಹಾಳೆಯ ಮುಂದಿರುವುದು ರಾಶಿ, ಹಿಂದಿರುವುದು ಅದೇ ರಾಶಿ ಜಾರುವ ಲೆಕ್ಕವಂತೆ. ಕೊನೆಯ ಹಾಳೆಯಲ್ಲಿ ಅರ್ಧಕ್ಕೆ ನಿಂತದ್ದನ್ನು ಅವರು ಮುಂದುವರಿಸುತ್ತಿದ್ದಾರೆ. ಅದರ ಬಗ್ಗೆ ಬರೆಯುವ ಪ್ರಬಂಧದಲ್ಲಿ ನಿಮ್ಮ ಹೆಸರು ಮೊದಲು ಬರುತ್ತದೆ. "ಸರ್ ಬಿಟ್ಟೇಬಿಟ್ಟರು ಅಂತ ನಾನೂ ನಂಬಿದ್ದೆ. ಪೇಪರಿನಲ್ಲಿ ಬಂದಿತ್ತಲ್ಲ," ಎಂದರು. ಅದನ್ನು ಬರೆದವನು ನಾನೇ ಎಂದು ಹೇಳಿದೆ.

ನಿನ್ನೆ ಸಂಪಾದಕರನ್ನು ಕಂಡೆ. ಇಷ್ಟು ಹಳೆಯ ವರದಿಗೆ ಯಾರೂ ತಿದ್ದುಪಡಿ ಹಾಕುವುದಿಲ್ಲ ಎಂದರು, ಆಮೇಲೆ ಒಪ್ಪಿದರು. ಭಾನುವಾರ ಬರುತ್ತದೆ, ನನ್ನ ಹೆಸರಿನಲ್ಲೇ. ಎರಡೇ ವಾಕ್ಯ, ಚಿಕ್ಕಪ್ಪ: ಅವರು ಭೌತವಿಜ್ಞಾನ ಬಿಟ್ಟಿರಲಿಲ್ಲ. ವರದಿಗಾರ ಅವರನ್ನು ಕೇಳಿರಲಿಲ್ಲ.