ಪಾದ್ರಿಗಳು ಕೊಟ್ಟ ಸೀಸೆ

೧೭-೧೦-೧೯೬೨, ಬುಧವಾರ, ಪುಟ್ಟೇನಹಳ್ಳಿ

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳನ್ನು ಕ್ಷಮಿಸಬೇಕು. ಕೋಪದಲ್ಲಿ ಬೇರೆ ಬರೆಯುತ್ತಿದ್ದೇನೆ.

ನಮ್ಮ ದ್ರಾಕ್ಷಿ ಕೊಳ್ಳುವ ಫ್ರೆಂಚ್ ಪಾದ್ರಿಗಳು ಅಪ್ಪನಿಗೆ ಒಂದು ಸೀಸೆ ಕೆಂಪು ವೈನು ಕೊಟ್ಟಿದ್ದರು. ಫ್ರಾನ್ಸಿನಲ್ಲಿರುವ ಅವರ ಅಣ್ಣನ ತೋಟದ್ದು, ಹನ್ನೆರಡು ವರ್ಷ ಹಳೆಯದು. ಆ ತೋಟಕ್ಕೆ ಸಗಣಿ ಗೊಬ್ಬರ ಬಿಟ್ಟು ಬೇರೇನೂ ಹಾಕುವುದಿಲ್ಲವಂತೆ. ನಮ್ಮಲ್ಲೂ ಒಂದೇ ಒಂದು ಸಾಲಿಗೆ ಅಂಗಡಿಯಿಂದ ತರುವ ಸೀಮೆಗೊಬ್ಬರ ಹಾಕಬೇಡಪ್ಪ ಎಂದು ನಾನು ಒಂದು ತಿಂಗಳಿಂದ ಕೇಳುತ್ತಿದ್ದೆ. "ಇದರ ರುಚಿ ನೋಡಿ ಹೇಳ್ತೀನಿ" ಎಂದಿದ್ದ ಅಪ್ಪ.

ಇವತ್ತು ಮಧ್ಯಾಹ್ನ ನೋಡಿದ. ಅದೂ ಮುದ್ದೆ, ಬಸ್ಸಾರು ಉಂಡು, ಮಜ್ಜಿಗೆ ಕುಡಿದ ಮೇಲೆ!

"ಥೂ, ಏನ್ ಒಗರು! ಹನ್ನೆರಡು ವರ್ಷ ಇಟ್ರೂ ಸಿಹಿ ಆಗಿಲ್ವಲ್ಲಮ್ಮಿ!"

"ಒಂದ್ ಉಂಡೆ ಬೆಲ್ಲ ಹಾಕ್ಕೊಳ್ಳೋ" ಎಂದಳು ಅಜ್ಜಿ. ಲೋಟಕ್ಕೆ ಹಾಕಿಯೇಬಿಟ್ಟ.

"ನೋಡ್ದಾ ನಿನ್ ಸಗಣಿ ಮಹಿಮೆ? ಈ ಸಲ ಎಲ್ಲಾ ಸಾಲಿಗೂ ಸೀಮೆಗೊಬ್ಬರಾನೇ."

ಸಿಹಿಯೊಂದೇ ರುಚಿಯೇನಪ್ಪ ಎಂದು ಕೇಳಬೇಕಿತ್ತು. ಪಾತ್ರೆ ತೊಳೆಯುವಾಗ ಸೀಸೆಯಲ್ಲಿ ಉಳಿದಿದ್ದರಲ್ಲಿ ಸ್ವಲ್ಪ ನಾಲಗೆಗೆ ಹಾಕಿಕೊಂಡೆ. ಒಗರು ನಿಜ. ಆದರೆ ಅದರ ಹಿಂದೆಯೇ ಮಾಗಿದ ನೇರಳೆ, ಒದ್ದೆ ಮಣ್ಣು, ಹಳೇ ಮರದ ಪೆಟ್ಟಿಗೆಯ ವಾಸನೆ ಒಂದೊಂದಾಗಿ ಬಂದವು. ಬಾಯಿ ತುಂಬ ಭಾರವಾಗಿ ಕೂತ ಆ ರುಚಿ ನುಂಗಿದ ಮೇಲೂ ಹೋಗಲಿಲ್ಲ. ಒಂದು ನಿಮಿಷ ಸುಮ್ಮನೆ ಕಾದಿದ್ದರೆ ಅಪ್ಪನಿಗೂ ಗೊತ್ತಾಗುತ್ತಿತ್ತು. ಬಳ್ಳಿ ನೆಟ್ಟು ವರ್ಷಗಟ್ಟಲೆ ಕಾಯುವ ಮನುಷ್ಯನಿಗೆ ಒಂದು ಗುಟುಕಿಗೆ ಇಷ್ಟು ಅವಸರವೇ!

ಒಪ್ಪಿಯೇ ಒಪ್ಪುತ್ತಾನೆಂದು ನಂಬಿ, ಬೆಳಿಗ್ಗೆಯೇ ಕೊನೆಯ ಸಾಲಿನ ಬುಡಕ್ಕೆಲ್ಲ ಸಗಣಿ ಗೊಬ್ಬರ ಹೊತ್ತು ಹಾಕಿ, ಮಣ್ಣು ಮುಚ್ಚಿಬಿಟ್ಟಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.