ಹಸಿರು ಚೀಟಿ

ಬೈಯಪ್ಪನಹಳ್ಳಿ
11 ನವೆಂಬರ್ 2025, ಮಂಗಳವಾರ

ಪ್ರೀತಿಯ ಯಮುನಾ,

ನಿನಗೂ ನಿನ್ನ ಮನೆಯವರಿಗೂ ನನ್ನ ಹಾರೈಕೆಗಳು. ‘ನಾವಿಲ್ಲಿ ಕ್ಷೇಮ’ ಎಂದು ಬರೆಯಹೊರಟವನು ಕೊನೆಯ ಪದಕ್ಕೆ ಬಂದು ಪೆನ್ನು ಎತ್ತಿಬಿಟ್ಟೆ. ಆ ಸಾಲನ್ನು ಈ ಬಾರಿ ಬಿಟ್ಟಿದ್ದೇನೆ.

ದೀಪಾವಳಿಗೆ ಮುಂಚೆ ನೀನು ಬರೆದ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸು. ಹೊಸ ಅಪ್ರೆಂಟಿಸ್‌ಗಳಿಗೆ ಕೆಲಸ ಕಲಿಸುವ ಹೊಣೆ ನಿನಗೇ ಬಂದಿದೆ ಎಂದು ಓದಿದಾಗ, ಮರ್ಫಿ ಟೌನಿನಿಂದ ಅಣ್ಣನ ದೊಡ್ಡ ಷೂ ಹಾಕಿಕೊಂಡು ನಮ್ಮ ಫ್ಯಾಕ್ಟರಿಯ ತರಬೇತಿ ಶಾಲೆಗೆ ಬಂದ ಹುಡುಗಿಯೊಬ್ಬಳು ಕಣ್ಣ ಮುಂದೆ ನಿಂತಳು. ಆ ಮಕ್ಕಳ ಬಗ್ಗೆ ತಾಳ್ಮೆಯಿರಲಿ. ಮೊದಲ ತಿಂಗಳು ಯಂತ್ರಕ್ಕೆ ಹೆದರುವವರೇ ಮುಂದೆ ಚೆನ್ನಾಗಿ ಕಲಿಯುವುದನ್ನು ನಾನು ಕಂಡಿದ್ದೇನೆ.

ಫೋನು ಮಾಡಬಹುದಿತ್ತಲ್ಲ ಸರ್ ಎಂದು ನೀನು ಕೇಳುವೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ಅಲಮೇಲುವಿಗೆ ಕೇಳಿಸುತ್ತದೆ. ನಾನು ಬರೆಯಬೇಕಾಗಿರುವುದು ಅವಳ ವಿಷಯ. ಅದಕ್ಕೇ ಇಂದಿರಾನಗರದ ಗ್ರಂಥಾಲಯಕ್ಕೆ ಬಂದು ಕುಳಿತಿದ್ದೇನೆ.

ಜುಲೈ ತಿಂಗಳಲ್ಲಿ ಹಲಸೂರು ಮಾರ್ಕೆಟ್ಟಿನಿಂದ ತರಕಾರಿ ಚೀಲ ಹಿಡಿದು ಬಂದವಳಿಗೆ ಮನೆಯ ಮೆಟ್ಟಿಲಲ್ಲಿ ಎದೆ ಹಿಂಡಿದಂತಾಯಿತು. ನೋವು ದವಡೆಯವರೆಗೂ ಹಬ್ಬಿತು. ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿದರು. ಹೃದಯದ ದೊಡ್ಡ ರಕ್ತನಾಳಗಳಲ್ಲಿ ಅಡ್ಡಿಯಿಲ್ಲ ಎಂದು ವೈದ್ಯರು ಹೇಳಿದರು. ಅವರು ಹೇಳಿದ್ದು ನಿಜ. ಆದರೆ ನಾವು ಕೇಳಿಸಿಕೊಂಡದ್ದು ಹೃದಯಕ್ಕೆ ಏನೂ ಆಗಿಲ್ಲವೆಂದು. ನಮ್ಮ ಜಯಂತ್ ಮೈಸೂರು ಪಾಕ್ ತಂದು ಇಡೀ ಬಿಲ್ಡಿಂಗಿಗೆ ಹಂಚಿದ. ಹೆತ್ತ ತಾಯಿ ಉಳಿದಳೆಂಬ ಸಂತೋಷ ಅವನದು.

ಆ ಸಂಜೆ ನಾನೊಂದು ತಮಾಷೆ ಮಾಡಿದೆ. ನಮ್ಮ ಫ್ಯಾಕ್ಟರಿಯಲ್ಲಿ ಪರೀಕ್ಷೆಯಾದ ಪ್ರತಿ ಟೆಲಿಫೋನಿಗೂ ಹಸಿರು ಚೀಟಿ ಕಟ್ಟುತ್ತಿದ್ದುದು ನಿನಗೆ ನೆನಪಿದೆಯಲ್ಲ? ಒಮ್ಮೆ ಚೀಟಿ ಬಿದ್ದ ಮೇಲೆ ಅದನ್ನು ಯಾರೂ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ನೋಡಿದರೆ ಇನ್‌ಸ್ಪೆಕ್ಟರನ ಮಾತಿಗೆ ಅವಮಾನ. ಮನೆಯಲ್ಲಿ ಅಂಥ ಹಳೆಯ ಚೀಟಿಗಳಿದ್ದವು. ಒಂದರ ಮೇಲೆ ಸಹಿ ಹಾಕಿ ಅಲಮೇಲುವಿನ ಬೀಗದ ಕೈ ಗೊಂಚಲಿಗೆ ಕಟ್ಟಿದೆ. ಎಲ್ಲರೂ ನಕ್ಕರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೆಲ್ಲ ಓಡಾಡಿದಳು.

ಕಳೆದ ತಿಂಗಳು ಅವಳ ರವಿಕೆಗೆ ಲೈನಿಂಗ್ ಬಟ್ಟೆ ತರಲು ಇಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆವು. ಸ್ವಲ್ಪ ನಡೆದವಳು ಗಂಡಸರ ಸೂಟಿನ ಅಂಗಡಿಯ ಮುಂದೆ ನಿಂತಳು.

“ಆ ಕೋಟು ನಿಮಗೆ ಚೆನ್ನಾಗಿರತ್ತೆ ನೋಡ್ರಿ.”

“ನನಗ್ಯಾಕೆ ಕೋಟು? ಯಾರ ಮದುವೆ?”

“ನಮ್ದೇ ಇನ್ನೊಂದ್ಸಲ ಮಾಡ್ಕೊಳ್ಳೋಣ. ಸ್ವಲ್ಪ ನಿಂತು ನೋಡ್ಬಾರ್ದಾ?”

ಮುಂದೆ ಕ್ರೀಡಾ ಷೂಗಳ ಅಂಗಡಿ, ಅಲ್ಲಿಯೂ ನಿಂತಳು. ಆಮೇಲೆ ಮೊಬೈಲ್ ಕವರಿನ ಅಂಗಡಿ. ವಯಸ್ಸಾದ ಮೇಲೆ ಇವಳಿಗೆ ಎಂಥ ಶೋಕಿ ಹತ್ತಿತು ಎಂದು ಛೇಡಿಸಹೊರಟವನಿಗೆ ಅಂಗಡಿಯ ಗಾಜಿನಲ್ಲಿ ಅವಳ ಮುಖ ಕಾಣಿಸಿತು. ಮೇಲ್ದುಟಿಯ ಮೇಲೆ ಬೆವರು. ಸೆರಗಿನ ಒಳಗೆ ಮುಷ್ಟಿ ಎದೆಗೆ ಒತ್ತಿಕೊಂಡಿತ್ತು. ಅವಳು ಯಾವ ಕವರನ್ನೂ ನೋಡುತ್ತಿರಲಿಲ್ಲ. ನೋವು ಇಳಿಯುವುದನ್ನು ಕಾಯುತ್ತಿದ್ದಳು.

ಮನೆಗೆ ಬಂದು ಕೇಳಿದರೆ ಗೊಂಚಲನ್ನು ನನ್ನ ಮುಂದೆ ಆಡಿಸಿ, “ನೀವೇ ಚೀಟಿ ಕಟ್ಟಿದ್ದೀರಲ್ಲ, ಇನ್ನೇನು ಭಯ?” ಎಂದಳು.

ಅಂದಿನಿಂದ ನನಗೆ ಸಮಾಧಾನವಿಲ್ಲ ಯಮುನಾ. ಕುಕ್ಕರ್ ಒಂದು ಸೀಟಿ ಹೆಚ್ಚು ಕೂಗಿದರೆ ಅಡುಗೆಮನೆಗೆ ಓಡುತ್ತೇನೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಂತರೆ ಬಾಗಿಲ ಹೊರಗೆ ಹೋಗಿ, ಸೋಪು ಎಲ್ಲಿದೆ ಎಂದು ಬೇಡದ ಪ್ರಶ್ನೆ ಕೇಳುತ್ತೇನೆ. ಉತ್ತರ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ.

ಅವಳಿಗೆ ತಿಳಿಯದಂತೆ ಅವಳ ಕಾಗದಗಳನ್ನು ಹಿಡಿದು ಬೇರೊಬ್ಬ ಹೃದಯತಜ್ಞೆಯ ಬಳಿ ಹೋದೆ. ಡಾಕ್ಟರ್ ಆಶ್ರಿತಾ ಎಂದು ಹೆಸರು, ಚಿಕ್ಕ ವಯಸ್ಸು. ನನ್ನ ಮಾತನ್ನು ಪೂರ್ತಿ ಕೇಳಿ, ಬಿಡಿಸಿ ಹೇಳಿದರು. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಅವುಗಳಿಂದ ಕವಲೊಡೆಯುವ ಸಣ್ಣ ನಾಳಗಳು ಅದರಲ್ಲಿ ಕಾಣುವುದಿಲ್ಲ. ಶ್ರಮವಾದಾಗ ಅವು ಹಿಗ್ಗದೆ ಹೋದರೆ, ಅಥವಾ ನಾಳಗಳು ಇದ್ದಕ್ಕಿದ್ದಂತೆ ಬಿಗಿದುಕೊಂಡರೆ, ಹೃದಯಕ್ಕೆ ರಕ್ತ ಸಾಲದೆ ಇದೇ ನೋವು ಬರುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ವರದಿ ಚೆನ್ನಾಗಿದೆ ಎಂಬ ಕಾರಣಕ್ಕೇ ಗ್ಯಾಸು, ಟೆನ್ಷನ್ನು ಎಂದು ಎಷ್ಟೋ ಮಂದಿಯನ್ನು ಮನೆಗೆ ಕಳಿಸಲಾಗಿದೆ ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆಯಂತೆ. ಈಗ ಮಣಿಕಟ್ಟಿನ ಮೂಲಕ ಕೂದಲೆಳೆಯಂಥ ತಂತಿ ಕಳಿಸಿ, ಔಷಧಿ ಕೊಟ್ಟು, ನಾಳಗಳು ಹೇಗೆ ವರ್ತಿಸುತ್ತವೆ ಎಂದು ಅಳೆಯಬಹುದು. ಯಾವ ಬಗೆಯೆಂದು ತಿಳಿದರೆ ಅದಕ್ಕೆ ತಕ್ಕ ಮಾತ್ರೆ ಆರಿಸಬಹುದು. ಹಾಗೆ ಆರಿಸಿದವರಲ್ಲಿ ಅನೇಕರ ನೋವು ಕಡಿಮೆಯಾಗಿದೆ. ಅಪಾಯ ಸ್ವಲ್ಪ ಇದ್ದೇ ಇದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಗುರುವಾರ, ಇಪ್ಪತ್ತನೆಯ ತಾರೀಖು ಕೊಟ್ಟಿದ್ದಾರೆ. ನೋವು ಬಂದಾಗ ನಾಲಿಗೆಯ ಕೆಳಗಿಡಲು ಮಾತ್ರೆಯನ್ನೂ ಬರೆದುಕೊಟ್ಟು, ಹೇಗೆ ಕೊಡಬೇಕೆಂದು ಕಲಿಸಿದ್ದಾರೆ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಪರೀಕ್ಷೆಯ ಮೇಜಿನ ಮೇಲೆ ಸರಿಯಾಗಿ ಕೆಲಸ ಮಾಡಿದ ಫೋನು ಲೈನಿಗೆ ಜೋಡಿಸಿದಾಗ ಕೈಕೊಡಬಹುದು ಎಂದು ನಿಮಗೆಲ್ಲ ವರ್ಷಗಟ್ಟಲೆ ಹೇಳಿಕೊಟ್ಟವನು ನಾನೇ ಅಲ್ಲವೇ ಅನ್ನಿಸಿತು.

ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಆದರೆ ಅಲಮೇಲು ಒಪ್ಪುತ್ತಿಲ್ಲ. “ಒಂದ್ಸಲ ನೋಡಾಯ್ತು. ಪದೇ ಪದೇ ತಂತಿ ಹಾಕಿಸ್ಕೊಳ್ಳೋಕೆ ನಾನೇನು ನಿಮ್ಮ ಫ್ಯಾಕ್ಟರಿ ಫೋನಾ?” ಎನ್ನುತ್ತಾಳೆ. ಜಯಂತನೂ ಅವಳ ಪಕ್ಷ. ಕ್ಲೀನ್ ರಿಪೋರ್ಟ್ ಇರುವಾಗ ಅಮ್ಮನನ್ನು ಸುಮ್ಮನೆ ಹೆದರಿಸಬೇಡಿ ಎಂದು ನನ್ನನ್ನೇ ಗದರುತ್ತಾನೆ.

ನೀನು ಹೇಳಿದರೆ ಅವಳು ಕೇಳುತ್ತಾಳೆ. ಊಟದ ಡಬ್ಬಿಯಲ್ಲಿ ನಿನಗೆಂದು ಎರಡು ದೋಸೆ ಹೆಚ್ಚು ಕಟ್ಟಿದ ದಿನಗಳಿಂದಲೂ ನೀನು ಅವಳ ಮಗಳೇ. ಈ ಭಾನುವಾರ ಕೆ.ಆರ್. ಪುರದಿಂದ ಮೆಟ್ರೋ ಹಿಡಿದು ಬಾ. ನಾನು ಬರೆದೆನೆಂದು ಹೇಳಬೇಡ.

ನಿನ್ನ ಕೈಕೆಳಗಿನ ಮಕ್ಕಳಿಗೆ ಒಂದು ಮಾತು ಕಲಿಸು: ಚೀಟಿ ಕಟ್ಟಿದ ಮೇಲೂ, ಸದ್ದು ಸರಿಯಿಲ್ಲ ಎಂದು ಯಾರಾದರೂ ಬಂದು ಹೇಳಿದರೆ ಕಿವಿಗೊಡಲಿ. ನಿನ್ನ ಕೈಯ ಕೆಲಸಕ್ಕೆ ಎಂದೂ ಕುಂದು ಬಾರದಿರಲಿ, ನಿನ್ನ ಮನೆ ನಗುತ್ತಿರಲಿ.

ನಿನ್ನ ಹಿತ ಬಯಸುವ,
ಕೃಷ್ಣಸ್ವಾಮಿ

ಮತ್ತೊಂದು ಮಾತು: ಲಕೋಟೆ ಅಂಟಿಸದೆ ಮನೆಗೆ ಹೋಗಿದ್ದೆ. ಅಲಮೇಲು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಒಳಗೆ ಬಿಟ್ಟುಹೋಗಿದ್ದ ಗೊಂಚಲಿನ ಚೀಟಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಬೀರು ತೆಗೆಯಲು ಬಂದವಳು ಗೊಂಚಲಿನಲ್ಲಿ ಚೀಟಿಯಿದ್ದ ಜಾಗವನ್ನು ಬೆರಳಿನಿಂದ ಸವರಿದಳು. ಜಗಳವಾಡುವಳೆಂದುಕೊಂಡೆ. ಕುರ್ಚಿಯಲ್ಲಿ ಕುಳಿತು, ಮೆಲ್ಲಗೆ, “ಈಗ ನೋಯ್ತಿದೆ ರೀ” ಎಂದಳು.

ಮಾತ್ರೆ ಕೊಟ್ಟೆ; ನೋವು ಇಳಿಯಿತು. ಡಾಕ್ಟರ್ ಆಶ್ರಿತಾ ಅವರಿಗೂ ಫೋನು ಮಾಡಿ ತಿಳಿಸಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, “ಚೀಟಿ ಕಟ್ಟಿದ ರಾತ್ರಿ ನೀವು ಮಗು ಥರ ನಿದ್ದೆ ಮಾಡಿದ್ರಿ. ಅದನ್ನ ಹಾಳ್ಮಾಡೋಕೆ ಮನಸ್ಸು ಬರ್ಲಿಲ್ಲ” ಎಂದಳು.

ಗುರುವಾರ ಬರಲು ಒಪ್ಪಿದ್ದಾಳೆ. ಡಾಕ್ಟರು ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ನೀನಿರಬೇಕಂತೆ, ನಾನು ಹೊರಗೇ ಇರಬೇಕಂತೆ.

“ನಿಮ್ಮ ಮುಖ ನೋಡಿದ್ರೆ ನೋವೇ ಇಲ್ಲ ಅಂದ್ಬಿಡ್ತೀನಿ” ಎನ್ನುತ್ತಾಳೆ.